‘ಆರಾಮಿದ್ದೇನೆ’ ಎಂಬ ಉತ್ತರ ಸಾಲದು

ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಂದು ಭಾನುವಾರ ಒಟ್ಟಿಗೆ ಕೂರುತ್ತೇವೆ. ಬ್ಯಾಂಕ್ ಸಾಲ, ಸಂಬಳದ ಚೀಟಿ, ಗ್ರಾಚ್ಯುಯಿಟಿ ಲೆಕ್ಕ ಅರ್ಥವಾಗದವರು ಕಾಗದ ತಂದರೆ ನೋಡಿಕೊಡೋಣ ಎಂದು ಶುರು ಮಾಡಿದ್ದು. ಅಲ್ಲಿ ಸಾವಿನ ಮಾತು ಬರಬಹುದೆಂದು ನಾವು ಎಣಿಸಿರಲಿಲ್ಲ.

ಎರಡು ವರ್ಷದ ಹಿಂದೆ ಉತ್ತರ ಕರ್ನಾಟಕದ ಹುಡುಗನೊಬ್ಬ ಬಂದ. ಎ.ಸಿ. ಮೆಕ್ಯಾನಿಕ್. ಪ್ಲಾಸ್ಟಿಕ್ ಚೀಲದ ತುಂಬ ಕಾಗದ: ಎರಡು ಕ್ರೆಡಿಟ್ ಕಾರ್ಡ್, ಒಂದು ಬ್ಯಾಂಕ್ ಸಾಲ, ರೂಮಿನವರ ಕೈಸಾಲ, ಊರಲ್ಲಿ ತಂಗಿಯ ಮದುವೆಗೆ ಮಾಡಿದ ಸಾಲ. ನಾವು ಮೊತ್ತ ಕೂಡಿಸುತ್ತಿದ್ದಾಗ, ‘ಇವನ್ನೆಲ್ಲ ನಿಮ್ಮ ಕಡೆನೇ ಇಟ್ಕೋರಿ ಸರ್, ಮುಂದ ನಮ್ಮಪ್ಪಗ ಬೇಕಾಗ್ತಾವು’ ಎಂದ. ನಮಗೆ ಆ ಮಾತು ಕೇಳಿಸಿತು, ಮುಟ್ಟಲಿಲ್ಲ. ನಮ್ಮಲ್ಲಿ ಹಿರಿಯರೊಬ್ಬರು ಮಾತ್ರ ಪೆನ್ನು ಕೆಳಗಿಟ್ಟರು. ‘ಮುಂದ ಅಂದ್ರೆ ಏನಪ್ಪಾ? ಸಾಯೋ ಯೋಚನೆ ಏನಾದರೂ ಬರ್ತಿದೆಯಾ?’ ಎಂದು ಕೇಳಿಯೇಬಿಟ್ಟರು.

ಹಾಗೆ ನೇರವಾಗಿ ಕೇಳಬಹುದೇ ಎಂದು ನಮಗೆಲ್ಲ ಕಸಿವಿಸಿಯಾಯಿತು. ಅವನು ಸ್ವಲ್ಪ ಹೊತ್ತು ನೆಲ ನೋಡಿ, ‘ಹೌದ್ರೀ’ ಎಂದ. ಆಮೇಲೆ ಒಂದು ಗಂಟೆ ಮಾತಾಡಿದ. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಲಿಲ್ಲ. ನಮ್ಮಲ್ಲಿಬ್ಬರು ಜೊತೆಗೆ ಉಳಿದರು. ಮರುದಿನ ವೈದ್ಯರ ಬಳಿ ಕರೆದೊಯ್ದೆವು. ಇಂದು ಅವನು ಕೆಲಸದಲ್ಲಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಸಾಯುವ ಮಾತೆತ್ತಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಹೆದರಿಕೆ ಊರಲ್ಲಿರುವ ನಿಮಗೂ ಇದೆ, ನಮಗೂ ಇತ್ತು. ಮನೋವೈದ್ಯರು ಹೇಳುವುದು ಬೇರೆ: ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಒಳಗೆ ಕುದಿಯುತ್ತಿರುವುದಕ್ಕೆ ಬಾಯಿ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಹೋಗುತ್ತಾರೆ. ಆ ದೊಡ್ಡ ಅಂಕಿಗಿಂತ ನಮಗೆ ನೆನಪಿರುವುದು ಆ ಒಂದು ‘ಮುಂದ’.

ನಮ್ಮ ಅನುಭವದಲ್ಲಿ ಇಲ್ಲಿಯ ಹುಡುಗರನ್ನು ಹಣ್ಣು ಮಾಡುವುದು ಸಾಲಕ್ಕಿಂತ ಸಾಲದ ಗುಟ್ಟು. ಮನೆಗೆ ಹೇಳುವಂತಿಲ್ಲ, ರೂಮಿನಲ್ಲಿ ಮರ್ಯಾದೆ ಹೋಗುತ್ತದೆ, ಜೊತೆಗೆ ಜೈಲಿನ ಭಯ. ಆ ಭಯ ಬಹುಪಾಲು ಹಳೆಯ ಕಥೆ. ಯುಎಇಯಲ್ಲಿ 2022ರ ಜನವರಿಯಿಂದ, ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಅದು ಸಾಮಾನ್ಯವಾಗಿ ಕ್ರಿಮಿನಲ್ ಪ್ರಕರಣವಲ್ಲ. ಮೋಸದ ಉದ್ದೇಶವಿದ್ದರೆ ಮಾತು ಬೇರೆ. ಬ್ಯಾಂಕು ಸಿವಿಲ್ ದಾವೆ ಹೂಡಬಹುದು, ದೇಶ ಬಿಟ್ಟು ಹೋಗದಂತೆ ತಡೆ ತರಬಹುದು, ಸಣ್ಣ ತೊಂದರೆಯೇನಲ್ಲ. ಆದರೆ ಕೂತು ಮಾತಾಡಿ ಕಂತು ಇಳಿಸಿಕೊಳ್ಳುವ ದಾರಿ ಇದೆ. ತಿಂಗಳ ಕಂತುಗಳು ಆದಾಯದ ಅರ್ಧ ಮೀರಬಾರದೆಂದು ಇಲ್ಲಿನ ಕೇಂದ್ರ ಬ್ಯಾಂಕಿನ ನಿಯಮವೇ ಇದೆ. ಆ ಹುಡುಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ರೂಮಿನ ಏಳು ಜನಕ್ಕೂ ಗೊತ್ತಿರಲಿಲ್ಲ.

ನಮ್ಮ ಸಂಘಗಳ ಬಗ್ಗೆ ಒಂದು ಕಟುಮಾತು. ಯಾರಾದರೂ ತೀರಿಕೊಂಡರೆ ಒಂದೇ ದಿನದಲ್ಲಿ ಹಣ ಕೂಡಿಸಿ, ಕಾಗದ ಮಾಡಿಸಿ, ಶವ ಊರಿಗೆ ಕಳಿಸುವುದರಲ್ಲಿ ನಾವು ಪಳಗಿದ್ದೇವೆ. ಬದುಕಿರುವಾಗ ಅವನ ರೂಮಿಗೆ ಹೋದವರೆಷ್ಟು ಮಂದಿ? ರಾಜ್ಯೋತ್ಸವಕ್ಕೆ ತಿಂಗಳುಗಟ್ಟಲೆ ಸಭೆ ಮಾಡುವ ನಾವು, ಕ್ಯಾಂಪಿಗೆ ಇಬ್ಬರಂತೆ ಜನ ಗೊತ್ತುಮಾಡಿ, ಕೇಳುವುದು ಹೇಗೆ, ಯಾರನ್ನು ಕರೆಯಬೇಕು ಎಂದು ವೈದ್ಯರಿಂದ ಒಂದು ದಿನ ಹೇಳಿಸಿಕೊಳ್ಳಲು ಆಗದೇ?

ಊರಿನಲ್ಲಿರುವ ನೀವು ಮಾಡಬಹುದಾದದ್ದೂ ಇದೆ. ಮಗನ ಫೋನ್ ನಂಬರ್ ಮಾತ್ರವಲ್ಲ, ಅವನ ರೂಮಿನ ಇಬ್ಬರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ದಿನಾ ಮಾತಾಡುವವನು ಮೌನವಾದರೆ, ನಿದ್ದೆ ಬರುತ್ತಿಲ್ಲ ಎಂದರೆ, ವಸ್ತುಗಳನ್ನು ಹಂಚಲು ಶುರು ಮಾಡಿದರೆ, ‘ನಾನಿಲ್ಲದಿದ್ದರೂ ನಡೀತದೆ’ ಎಂದರೆ, ಮರುದಿನಕ್ಕೆ ಬಿಡದೆ ಆ ಇಬ್ಬರಿಗೆ ಕರೆ ಮಾಡಿ. ‘ನಿನಗಿಂತ ಕಷ್ಟದವರಿಲ್ಲವೇ’ ಎನ್ನಬೇಡಿ. ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ‘ಸಾಲ ಎಷ್ಟಿದೆ ಹೇಳು, ಬೈಯುವುದಿಲ್ಲ’ ಎನ್ನಿ. ಹೇಳಿದ ಮೇಲೆ ನಿಜಕ್ಕೂ ಬೈಯಬೇಡಿ.

ಯುಎಇಯಲ್ಲಿರುವವರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342. ದಿನವಿಡೀ ಕೆಲಸ ಮಾಡುತ್ತದೆ. ಪ್ರಾಣಕ್ಕೇ ಅಪಾಯ ಎನಿಸಿದರೆ ಆಂಬುಲೆನ್ಸ್ 998. ಊರಿನಲ್ಲಿ ನಿಮಗೆ ಟೆಲಿ-ಮಾನಸ್ ಇದೆ: 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲಿ ಮಾತಾಡಬಹುದು. ಮಗನ ಚಿಂತೆಯಲ್ಲಿ ನಿದ್ದೆಗೆಟ್ಟ ತಾಯಿಯೂ ಕರೆ ಮಾಡಬಹುದು.

ಕೆಲಸ ಕಳೆದುಕೊಂಡು ಊರಿಗೆ ಬಂದವರನ್ನು ಮರೆಯಬೇಡಿ. ವಿಮಾನ ಇಳಿದರೆ ಸಂಕಟವೂ ಇಳಿಯಿತು ಎಂದುಕೊಳ್ಳುತ್ತೇವೆ. ಬೀದಿಯಲ್ಲಿ ಸಿಕ್ಕವರೆಲ್ಲ ‘ಯಾವಾಗ ವಾಪಸ್?’ ಎಂದು ಕೇಳುವುದು ಆಗಲೇ. ಜೀವ ತೆಗೆದುಕೊಳ್ಳಲು ಯತ್ನಿಸಿ ಉಳಿದವರನ್ನು ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯದ ಮನೆಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಕಾಣುತ್ತದೆ. ಶಿಕ್ಷೆಯಲ್ಲ, ಆರೈಕೆ ಕೊಡುವುದು ಸರಕಾರದ ಹೊಣೆ ಎನ್ನುತ್ತದೆ.

ಮೊನ್ನೆ ಆ ಹುಡುಗನ ಅಪ್ಪ ಫೋನ್ ಮಾಡಿದ್ದರು. ಸಾಲ ಎಷ್ಟು ಉಳಿದಿದೆ ಎಂದು ಈಗ ಅವರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರಂತೆ. ನಮ್ಮ ಲೆಕ್ಕಕ್ಕೂ ಅವರದಕ್ಕೂ 200 ದಿರ್ಹಮ್ ವ್ಯತ್ಯಾಸ ಬಂತು. ಮತ್ತೆ ಕೂಡಿಸಿ ನೋಡಿದರೆ ಅವರದೇ ಸರಿ.