ಯುದ್ಧ ಬಂದರೆ ಠಾಣೆ ಪುರಸಭೆಯ ಮಾತು ಕೇಳಬೇಕೆ?

ಪರ
(ಸಂಡೂರು ಸೀಮೆಯ ಮಾಜಿ ಪುರಸಭಾ ಸದಸ್ಯರು)

ಕೇಳಲೇಬೇಕು. 2025ರ ಮೇ 7ರಂದು ಸೈರನ್ ಕೂಗಿಸಿ ಯುದ್ಧದ ತಾಲೀಮು ಮಾಡಿ ಎಂದು ದಿಲ್ಲಿಯಿಂದ ಹುಕುಂ ಬಂತಲ್ಲ, ಆಗ ನಮ್ಮ ರಾಜ್ಯದಲ್ಲಿ ಲೆಕ್ಕಕ್ಕೆ ಬಂದ ಊರುಗಳು ಬೆಂಗಳೂರು, ಕಾರವಾರ, ರಾಯಚೂರು. ಹೊಸಪೇಟೆಯ ಅಣೆಕಟ್ಟು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದೋಣಿಮಲೈ ಗಣಿ ಇವೆಲ್ಲ ಶತ್ರುವಿನ ಕಣ್ಣಿಗೆ ಬೀಳುವುದಿಲ್ಲವೆ? ಮೇಲಿನವರು ಮರೆತದ್ದನ್ನು ಊರಿನವರೇ ನೆನಪಿಟ್ಟುಕೊಳ್ಳಬೇಕು.

2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದ ಮೇಲಂತೂ ಗೋಜಲು ಇನ್ನೂ ಹೆಚ್ಚಾಯಿತು. ಅಣೆಕಟ್ಟು ವಿಜಯನಗರಕ್ಕೆ ಹೋಯಿತು, ಅದರ ನೀರು ಬಿಟ್ಟರೆ ಸೇತುವೆ ಮುಳುಗಿಸಿಕೊಳ್ಳುವ ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಡಿಸಿಗಳೂ ಇಬ್ಬರು, ಎಸ್ಪಿಗಳೂ ಇಬ್ಬರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದಾಗ ಯುದ್ಧವಿರಲಿಲ್ಲ, ನಮ್ಮ ಪುಣ್ಯ. ಊರೆಲ್ಲ ದೀಪ ಆರಿಸಿದ, ಫೋನೂ ಸತ್ತ ರಾತ್ರಿಯಲ್ಲಿ ಹಾಗಾದರೆ ಸೇತುವೆ ಬಂದ್ ಮಾಡಿಸಿ ಹೊಳೆದಂಡೆಯ ಮನೆಮನೆಯ ಬಾಗಿಲು ಬಡಿಯುವವರು ಯಾರು? ಮೊನ್ನೆ ಮೊನ್ನೆ ವರ್ಗವಾಗಿ ಬಂದ ಪಿಎಸ್‌ಐ ಸಾಹೇಬರಿಗೆ ಯಾವ ಓಣಿಯಲ್ಲಿ ಎದ್ದು ನಡೆಯಲಾರದ ಅಜ್ಜಿ ಇದ್ದಾಳೆಂದು ಗೊತ್ತಿರುತ್ತದೆಯೆ? ವಾರ್ಡಿನ ಮೆಂಬರಿಗೆ ಗೊತ್ತಿರುತ್ತದೆ. ಓಟು ಕೇಳಲಾದರೂ ಆ ಮನೆಗೆ ಹೋಗಿರುತ್ತಾನೆ.

ಊರಿನವರೇ ಊರು ಕಾಯುವುದು ಈ ನೆಲಕ್ಕೆ ಹೊಸದೂ ಅಲ್ಲ. 1947-48ರಲ್ಲಿ ಹಂಪಿ ಮದ್ರಾಸಿನದು, ಹೊಳೆಯಾಚೆಯ ಆನೆಗೊಂದಿ ನಿಜಾಮನದು. ರಜಾಕಾರರ ಕಾಟ ತಾಳದೆ ಗಡಿ ದಾಟಿದವರಿಗೆ ಮುಂಡರಗಿ, ಗಜೇಂದ್ರಗಡದಂಥ ಊರುಗಳ ಶಿಬಿರಗಳು ಬೆನ್ನಿಗೆ ನಿಂತವು. ಮುಂಡರಗಿಯ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳಿಗೆ ಯಾವ ಇಲಾಖೆ ಪಟ್ಟಿ, ಟೋಪಿ ಕೊಟ್ಟಿತ್ತು? 1948ರ ಸೆಪ್ಟೆಂಬರಿನಲ್ಲಿ ಸೈನ್ಯ ಬರುವತನಕ ಜನ ತಾವೇ ಕಾದರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಕಟ್ಟಿ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿದರು! ಸರ್ಕಾರದ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಆ ಗಲಭೆಯಲ್ಲಿ ಸತ್ತದ್ದು ನಿಜ, ಮರುವರ್ಷ ಊರಿನ ಐವರು ಗಲ್ಲಿಗೇರಿದ್ದೂ ನಿಜ. ಅದು ಪರರ ಆಳ್ವಿಕೆಯ ಕಾಲ, ಆ ಮಾತು ಬೇರೆ.

ಪುರಸಭೆಗೆ ಅಧಿಕಾರ ಕೊಟ್ಟರೆ ದುರುಪಯೋಗ ಆಗುತ್ತದಂತೆ. ಈಗ ಆಗುತ್ತಿಲ್ಲವೇನು? ಗಸ್ತು, ನಾಕಾ, ಗೃಹರಕ್ಷಕ ದಳ ಇಷ್ಟನ್ನು ಯುದ್ಧದ ದಿನಗಳ ಮಟ್ಟಿಗೆ ಪುರಸಭೆಗೆ ಕೊಡಿ. ಬಂದೂಕು ಪೊಲೀಸರ ಹತ್ತಿರವೇ ಇರಲಿ, ನಮಗೆ ಬೇಡ.

ವಿರೋಧ
(ನಿವೃತ್ತ ಪೊಲೀಸ್ ಅಧಿಕಾರಿ)

ಅಂಶಗಳನ್ನಷ್ಟೇ ಹೇಳುತ್ತೇನೆ.

ಒಂದು, ಪೊಲೀಸ್ ರಾಜ್ಯಪಟ್ಟಿಯ ವಿಷಯ. ಸಂವಿಧಾನದ 12ನೇ ಅನುಸೂಚಿ ನಗರಾಡಳಿತಕ್ಕೆ 18 ಕೆಲಸಗಳನ್ನು ಹೆಸರಿಸಿದೆ. ಅದರಲ್ಲಿ ಬೀದಿದೀಪ ಇದೆ, ಅಗ್ನಿಶಾಮಕವೂ ಇದೆ, ಪೊಲೀಸ್ ಇಲ್ಲ.

ಎರಡು, 1968ರ ನಾಗರಿಕ ರಕ್ಷಣಾ ಕಾಯ್ದೆಯಂತೆ ನಾಗರಿಕ ರಕ್ಷಣಾ ಪಡೆಯ ನಿಯಂತ್ರಕರಾಗುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ದರ್ಜೆಗಿಂತ ಕೆಳಗಿನವರಾಗಿರಕೂಡದು. ಹೊಸಪೇಟೆ ನಗರಸಭೆ ದೀಪ ಆರಿಸಿ ಕಂಪ್ಲಿ ಪುರಸಭೆ ಉರಿಸಿಟ್ಟರೆ ಏನು ಬಂತು?

ಮೂರು, ದೋಣಿಮಲೈ ಎನ್ನುತ್ತಾರೆ. ಆ ಟೌನ್‌ಶಿಪ್ ಎನ್‌ಎಂಡಿಸಿಯದು, ಗಣಿಯ ಕಾವಲು ಸಿಐಎಸ್‌ಎಫ್‌ನದು. ಸಂಡೂರು ಪುರಸಭೆಯ ಮಾತು ಅಲ್ಲಿ ಇವತ್ತೂ ನಡೆಯುವುದಿಲ್ಲ.

ನಾಲ್ಕು, ಅಧಿಕಾರವನ್ನು ಯಾರ ಕೈಗೆ ಕೊಡುವುದು? ಮೀಸಲಾತಿ ತಕರಾರು ಕೋರ್ಟು ಹತ್ತಿ ಅಧ್ಯಕ್ಷರೇ ಇಲ್ಲದೆ ಆಡಳಿತಾಧಿಕಾರಿಯೇ ನಡೆಸಿದ ಪುರಸಭೆಗಳನ್ನು ರಾಜ್ಯ ಕಂಡಿದೆ. ಸ್ಥಳೀಯ ಪ್ರಭಾವಕ್ಕೆ ಕಚೇರಿಗಳು ಎಷ್ಟು ಬಾಗುತ್ತವೆ ಎಂಬುದಕ್ಕೆ ಬಳ್ಳಾರಿಯವರು ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ ತೆರೆದರೆ ಸಾಕು.

ಠಾಣೆಗಳಲ್ಲಿ ಜನ ಸಾಲದು ಎಂಬುದನ್ನು ಒಪ್ಪುತ್ತೇನೆ. ಹಂಪಿ ಉತ್ಸವ ಬಂತೆಂದರೆ ಅಕ್ಕಪಕ್ಕದ ಠಾಣೆಗಳು ಖಾಲಿ. ಯುದ್ಧದಲ್ಲಿ ಇದು ಇನ್ನೂ ಕಷ್ಟ. ಹಾಗಾಗಿ ನಿಯಂತ್ರಕರು ಹೇಳಿದಂತೆ ಮೈಕು, ಸೈರನ್, ದೀಪ ಪುರಸಭೆಯೇ ನೋಡಿಕೊಳ್ಳಲಿ. ಗಸ್ತಿಗೆ ಯಾವ ವಾರ್ಡಿನಿಂದ ಯಾರು ಎಂಬ ಪಟ್ಟಿಯನ್ನೂ ಮೆಂಬರುಗಳೇ ಮಾಡಿಕೊಡಲಿ, ನಮಗಿಂತ ಚೆನ್ನಾಗಿಯೇ ಮಾಡಿಯಾರು. ಆದರೆ ಎಫ್‌ಐಆರ್, ಬಂಧನ, ಮನೆ ತಪಾಸಣೆ ಠಾಣೆಯ ಕೆಲಸ. ಅದನ್ನು ಒಂದು ದಿನದ ಮಟ್ಟಿಗೂ ಬಿಟ್ಟುಕೊಡಬಾರದು.