ಸಿವಿಲ್ ವಿಭಾಗಕ್ಕೆ ಬಾಗಿಲು ಹಾಕಲು ಒಪ್ಪಿಗೆ ಕೊಟ್ಟವರು ಯಾರು?



ಬೆಂಗಳೂರಿನ ಹೊರವಲಯದ ಒಂದು ಖಾಸಗಿ ತಂತ್ರಜ್ಞಾನ ವಿಶ್ವವಿದ್ಯಾಲಯ ಈ ವರ್ಷ ಸಿವಿಲ್ ಇಂಜಿನಿಯರಿಂಗ್ ವಿಭಾಗಕ್ಕೆ ಪ್ರವೇಶವನ್ನೇ ನಿಲ್ಲಿಸಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಅದರ ಪೆಟ್ಟು ಬಿದ್ದದ್ದು ಹೊಸಪೇಟೆಯ ಒಬ್ಬ ಹುಡುಗಿಗೆ. ಸಿವಿಲ್ಲೇ ಓದಬೇಕೆಂದು ಅಪ್ಪನ ಜೊತೆ ರಾತ್ರಿ ಬಸ್ಸು ಹತ್ತಿ ಹೋದವಳಿಗೆ ಅಡ್ಮಿಷನ್ ಕೌಂಟರಿನಲ್ಲಿ ಸಿಕ್ಕ ಉತ್ತರ: ‘ಸಿವಿಲ್ ಈಗ ಯಾರು ತಗೋತಾರಮ್ಮ? ಸಿಎಸ್‌ನಲ್ಲಿ ಮ್ಯಾನೇಜ್‌ಮೆಂಟ್ ಸೀಟಿದೆ, ಬೇಕಾದರೆ ನೋಡಿ.’

ತುಂಗಭದ್ರಾ ಅಣೆಕಟ್ಟೆಯ ಪಕ್ಕದಲ್ಲಿ ಬೆಳೆದ ಮಗುವಿಗೆ ಹೇಳುವ ಮಾತೇ ಇದು?

2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ರೈತರ ಬೆಳೆಗೆ ಬೇಕಾದ ನೀರು ಕಣ್ಣೆದುರೇ ನದಿಗೆ ಹರಿಯುತ್ತಿತ್ತು. ಆ ಪ್ರವಾಹದಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಲು ಕರೆಸಬೇಕಾಗಿ ಬಂದದ್ದು ವಯೋವೃದ್ಧ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಅವರಂಥವರ ನಂತರ ಈ ಕೆಲಸಕ್ಕೆ ಯಾರು ಬರುತ್ತಾರೆ? ಸಿವಿಲ್, ಮೆಕ್ಯಾನಿಕಲ್ ತರಗತಿಗಳಿಗೆ ಬೀಗ ಹಾಕುತ್ತಿರುವವರು ಉತ್ತರ ಹೇಳಲಿ.

ವಿಶ್ವವಿದ್ಯಾಲಯವಾದ ಮೇಲೆ ಹೊಸ ತಾಂತ್ರಿಕ ಕೋರ್ಸಿಗೆ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇಯ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ ಭಾರತೀದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಸ್ವಾತಂತ್ರ್ಯ ಈಗ ಬಳಕೆಯಾಗುತ್ತಿರುವುದು ಕಂಪ್ಯೂಟರ್ ಸೈನ್ಸ್ ಒಂದನ್ನೇ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವುದಕ್ಕೆ. ಆದರೆ ಈ ವಿಶ್ವವಿದ್ಯಾಲಯಗಳು ತಾವಾಗಿ ಹುಟ್ಟಿದವಲ್ಲ. ಒಂದೊಂದಕ್ಕೂ ಕರ್ನಾಟಕದ ವಿಧಾನಮಂಡಲ ಪ್ರತ್ಯೇಕ ಕಾಯ್ದೆ ಮಾಡಿಕೊಟ್ಟಿದೆ. ಕಾಯ್ದೆ ಕೊಟ್ಟ ಸದನಕ್ಕೆ ಲೆಕ್ಕ ಕೇಳುವ ಹಕ್ಕಿಲ್ಲವೇ?

ಖಾಸಗಿ ಎಂದ ಮಾತ್ರಕ್ಕೆ ಹೀಗೇ ಇರಬೇಕೆಂದಿಲ್ಲ. ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಬೆಂಗಳೂರಿನಲ್ಲಿ ಸ್ವಂತ ಹಣದಿಂದ ಇಂಜಿನಿಯರಿಂಗ್ ಕಾಲೇಜು ಕಟ್ಟಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅವೂ ಖಾಸಗಿಯೇ. ನಾಡು ಕಟ್ಟಲು ಇಂಜಿನಿಯರುಗಳು ಬೇಕೆಂದು ಹುಟ್ಟಿದ ಪರಂಪರೆ ಅದು.

ದುಡ್ಡಿನ ವಿಷಯವನ್ನೂ ಹೇಳಲೇಬೇಕು. ಅದೇ ಕೌಂಟರಿನಲ್ಲಿ ಶುಲ್ಕಪಟ್ಟಿಯಲ್ಲಿಲ್ಲದ ಇನ್ನೊಂದು ಮೊತ್ತ ಕೇಳಿದರು: ನಗದಾಗಿಯೇ ಕೊಡಬೇಕು, ರಸೀದಿ ಇಲ್ಲ. ಇಂಥ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ 1984ರಲ್ಲೇ ಕಾಯ್ದೆ ತಂದ ರಾಜ್ಯ ನಮ್ಮದು. ಆ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಹುಡುಗಿಯ ಅಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು. ತಲೆ ತಗ್ಗಿಸಿ ವಾಪಸು ಬಂದರು. ತಲೆ ತಗ್ಗಿಸಬೇಕಾದವರು ಅವರಲ್ಲ.

ಉನ್ನತ ಶಿಕ್ಷಣ ಇಲಾಖೆ ಪ್ರತಿ ಖಾಸಗಿ ವಿಶ್ವವಿದ್ಯಾಲಯದ ವಿಭಾಗವಾರು ಸೀಟು, ಮುಚ್ಚಿದ ವಿಭಾಗ ಮತ್ತು ಪಡೆದ ಶುಲ್ಕದ ವಿವರವನ್ನು ಮುಂದಿನ ಸಿಇಟಿ ಕೌನ್ಸೆಲಿಂಗ್‌ಗೆ ಮೊದಲು ಪ್ರಕಟಿಸಲಿ. ಸಿವಿಲ್ ಬೋಧಿಸುತ್ತಿದ್ದ ಅಧ್ಯಾಪಕರನ್ನು ಏನು ಮಾಡಿದರೆಂಬುದೂ ಅದರಲ್ಲಿರಲಿ.

– ಒಬ್ಬ ನಿವೃತ್ತ ನೀರಾವರಿ ಇಂಜಿನಿಯರ್, ಹೊಸಪೇಟೆ