ಸಾಸಿವೆಗಿಂತ ಚಿಕ್ಕ ಕಣಜಕ್ಕೊಂದು ಹೆಸರು

ಪಪ್ಪಾಯಿ ಗಿಡದ ಎಲೆಯಡಿಯಲ್ಲಿ, ಕಾಯಿಯ ತೊಟ್ಟಿನ ಸುತ್ತ, ಯಾರೋ ಅಕ್ಕಿಹಿಟ್ಟು ಉದುರಿಸಿ ಹೋದಂತೆ ಬಿಳಿ ಹುಳುಗಳು ಕೂತಿರುವುದನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಹಿಟ್ಟು ತಿಗಣೆ ಎಂದು ಅದರ ಹೆಸರು. ಅದರಲ್ಲಿ ನಮ್ಮ ದೇಶಕ್ಕೆ ಹೊಸದಾದ ಒಂದು ಜಾತಿ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಎರಡೇ ವರ್ಷದಲ್ಲಿ ಈರೋಡು, ತಿರುಪ್ಪೂರು, ಸೇಲಂ ಕಡೆಯ ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ತೋಟಗಳಿಗೆಲ್ಲ ಹಬ್ಬಿತು. ರೇಷ್ಮೆ ಸಾಕುವವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳು ಸಾಯುತ್ತದೆ, ಹೊಡೆಯದಿದ್ದರೆ ಹುಳಕ್ಕೆ ಹಾಕಲು ಸೊಪ್ಪೇ ಉಳಿಯುವುದಿಲ್ಲ. ಹೊಡೆದರೂ ತಿಗಣೆಯ ಮೈಮೇಲಿನ ಮೇಣದ ಹೊದಿಕೆ ಔಷಧಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ.

ಇದಕ್ಕೆ ಪರಿಹಾರ ದೊರೆತದ್ದು ಒಂದು ಹೆಸರಿನ ಮೂಲಕ. ಆ ಹಿಟ್ಟು ತಿಗಣೆಯನ್ನು 1992ರಲ್ಲೇ ವಿಲಿಯಮ್ಸ್ ಮತ್ತು ಗ್ರನಾರಾ ದೆ ವಿಲಿಂಕ್ ಎಂಬ ಇಬ್ಬರು ವಿಜ್ಞಾನಿಗಳು ವಿವರಿಸಿ, ಪ್ಯಾರಾಕಾಕಸ್ ಮಾರ್ಜಿನೇಟಸ್ ಎಂದು ಕರೆದಿದ್ದರು. ಹೆಸರು ಗೊತ್ತಾದ ಕೂಡಲೇ ತವರೂ ಗೊತ್ತಾಯಿತು: ಮೆಕ್ಸಿಕೊ. ತವರಿನಲ್ಲಿ ಅದು ಯಾರಿಗೂ ದೊಡ್ಡ ಕಾಟ ಕೊಡುತ್ತಿರಲಿಲ್ಲ. ಏಕೆಂದರೆ ಅದನ್ನು ಹಿಡಿತದಲ್ಲಿಡುವ ಶತ್ರುಗಳು ಅಲ್ಲಿದ್ದವು. ಮುಖ್ಯವಾಗಿ ಪುಟ್ಟ ಕಣಜಗಳು.

ಕಣಜ ಎಂದರೆ ಮಾಡಿನ ಮೂಲೆಯಲ್ಲಿ ಗೂಡು ಕಟ್ಟಿ ಮಕ್ಕಳನ್ನು ಅಳಿಸುವ ಕಡಜವೇ ನಮಗೆ ನೆನಪಾಗುತ್ತದೆ. ಇವು ಹಾಗಲ್ಲ. ಒಂದು ಮಿಲಿಮೀಟರಿಗಿಂತಲೂ ಚಿಕ್ಕವು, ಮನುಷ್ಯನನ್ನು ಕುಟುಕುವುದಿಲ್ಲ. ಹೆಣ್ಣು ಕಣಜ ಎಳೆಯ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿನ್ನುತ್ತಾ ಬೆಳೆಯುತ್ತದೆ. ಕೊನೆಗೆ ತಿಗಣೆ ಒಣಗಿ ಕಂದು ಬಣ್ಣದ ಚಿಪ್ಪಿನಂತಾಗುತ್ತದೆ, ಹೊಸ ಕಣಜ ಅದಕ್ಕೆ ತೂತು ಕೊರೆದು ಹೊರಬರುತ್ತದೆ. ಕೇಳಲು ಕ್ರೂರವೇ ಸರಿ. ಆದರೆ ತೋಟ ಕಳೆದುಕೊಂಡ ರೈತನಿಗೆ ಹಾಗೆ ಅನ್ನಿಸಲಾರದು.

1999ರ ಸುಮಾರಿಗೆ ಅಮೆರಿಕದ ಕೃಷಿ ಇಲಾಖೆಯವರು ಮೆಕ್ಸಿಕೊದ ಇಂಥ ಕಣಜಗಳನ್ನು ಪೋರ್ಟೊರಿಕೊ ಮತ್ತು ಡೊಮಿನಿಕನ್ ಗಣರಾಜ್ಯದಲ್ಲಿ ಬಿಡಲು ತೊಡಗಿದರು. ಕೆಲಸ ಶುರುವಾದಾಗ ಅವಕ್ಕೆ ಇನ್ನೂ ಸರಿಯಾದ ಹೆಸರಿರಲಿಲ್ಲ! ಹೆಸರಿಲ್ಲದಿದ್ದರೆ ಇನ್ನೊಂದು ದೇಶ ಅದನ್ನು ಕೇಳುವುದಾದರೂ ಹೇಗೆ? ಸರಕಾರದ ಪರವಾನಗಿಯಲ್ಲಿ ಏನೆಂದು ಬರೆಯುವುದು? ಈ ಕೊರತೆಯನ್ನು 2003ರಲ್ಲಿ ನೀಗಿಸಿದವರು ಲಂಡನ್ನಿನ ಪ್ರಕೃತಿ ಇತಿಹಾಸ ಸಂಗ್ರಹಾಲಯದ ಜಾನ್ ನೋಯ್ಸ್ ಮತ್ತು ಅಮೆರಿಕದ ಮೈಕಲ್ ಷೌಫ್.

ಹೊಸ ಜಾತಿಯೊಂದನ್ನು ವಿವರಿಸುವುದು ತಾಳ್ಮೆಯ ಕೆಲಸ. ಕಣಜವನ್ನು ಸಣ್ಣ ರಟ್ಟಿನ ತುಂಡಿಗೆ ಅಂಟಿಸಬೇಕು. ಇನ್ನೊಂದನ್ನು ಬಿಡಿಬಿಡಿಯಾಗಿಸಿ, ಕೂದಲೆಳೆಯಂಥ ಕಾಲು, ರೆಕ್ಕೆ, ಮೀಸೆಗಳನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೀಸೆಯಲ್ಲಿ ಗೆಣ್ಣುಗಳೆಷ್ಟು, ಒಂದೊಂದು ಗೆಣ್ಣಿನ ಉದ್ದ ಅಗಲವೆಷ್ಟು, ರೆಕ್ಕೆಯ ಮೇಲಿನ ರೋಮಗಳ ಸಾಲು ಹೇಗಿದೆ, ಮೊಟ್ಟೆ ಇಡುವ ಕೊಳವೆ ಎಷ್ಟುದ್ದ ಎಂದು ಅಳೆದು, ಚಿತ್ರ ಬರೆದು, ಅದೇ ಕುಲದಲ್ಲಿ ಈ ಮೊದಲು ಹೆಸರು ಪಡೆದ ಎಲ್ಲವುಗಳ ಜೊತೆ ಹೋಲಿಸಬೇಕು. ಇವು ಸೇರುವ ಚಾಲ್ಸಿಡ್ ಬಳಗದಲ್ಲಿ ಹೆಸರು ಪಡೆದ ಜಾತಿಗಳೇ 20,000ಕ್ಕೂ ಹೆಚ್ಚು. ಹಿಂದೆ ಯಾರೂ ವಿವರಿಸಿಲ್ಲ ಎಂದು ಖಚಿತವಾದ ಮೇಲೆ ಒಂದೇ ಒಂದು ಕೀಟವನ್ನು ಮೂಲ ಮಾದರಿ ಎಂದು ಆರಿಸಿ ಸಂಗ್ರಹಾಲಯದಲ್ಲಿಡುತ್ತಾರೆ. ಮುಂದೆ ಯಾರಿಗೆ ಸಂಶಯ ಬಂದರೂ ಅದನ್ನೇ ನೋಡಬೇಕು. ಹೆಸರು ಲ್ಯಾಟಿನ್ ರೂಪದಲ್ಲಿರಬೇಕು ಎಂಬುದು ಕಟ್ಟಳೆ. ಲ್ಯಾಟಿನ್ ಬಲಿಪೂಜೆಯನ್ನು ಕಂಡ ಹಿರಿಯರಿಗೆ ಇದು ಹಿಡಿಸಬಹುದು! ನಮ್ಮ ಕಣಜಕ್ಕೆ ಸಿಕ್ಕಿದ ಹೆಸರು ಅಸೆರೊಫೇಗಸ್ ಪಪಾಯೆ. ಕೊನೆಯ ಪದಕ್ಕೆ 'ಪಪ್ಪಾಯಿಯ' ಎಂದರ್ಥ.

2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು ಈ ಕಣಜವನ್ನೂ ಇನ್ನೆರಡು ಜಾತಿಗಳನ್ನೂ ಪೋರ್ಟೊರಿಕೊದಿಂದ ತರಿಸಿ, ಪರೀಕ್ಷಿಸಿ, ಸಾಕಿದರು. ಅಕ್ಟೋಬರಿನಲ್ಲಿ ತಮಿಳುನಾಡಿನ ತೋಟಗಳಿಗೆ ಬಿಡುವ ಕೆಲಸ ಆರಂಭವಾಯಿತು. ಮೂರರಲ್ಲಿ ಹೆಚ್ಚು ಚೆನ್ನಾಗಿ ನೆಲೆಯೂರಿ ತಿಗಣೆಯನ್ನು ತಗ್ಗಿಸಿದ್ದು ಪಪಾಯೆಯೇ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕದ ಮರಗೆಣಸಿನ ಕಥೆ ಇದೆ. 1970ರ ದಶಕದಲ್ಲಿ ಕಾಂಗೊದ ಕಡೆಯಿಂದ ಹಬ್ಬಿದ ಇನ್ನೊಂದು ಹಿಟ್ಟು ತಿಗಣೆ, ಬಡವರ ಊಟವಾದ ಆ ಗೆಣಸನ್ನೇ ಹಾಳುಮಾಡತೊಡಗಿತು. ಅದರ ಶತ್ರುವನ್ನು ಹುಡುಕಿದವರಿಗೆ ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಅಂಥದ್ದೇ ತಿಗಣೆ ಸಿಕ್ಕಿತು. ಅಲ್ಲಿನ ಕಣಜಗಳನ್ನು ತಂದರೆ ಅವು ಆಫ್ರಿಕದ ತಿಗಣೆಯಲ್ಲಿ ಬೆಳೆಯಲಿಲ್ಲ. ನೋಡಲು ಒಂದೇ ಥರವಿದ್ದರೂ ಎರಡೂ ಬೇರೆ ಬೇರೆ ಜಾತಿ ಎಂದು ಸ್ಪಷ್ಟವಾಗುವಾಗ ವರ್ಷಗಳೇ ಕಳೆದಿದ್ದವು. 1981ರಲ್ಲಿ ಪರಾಗ್ವೆಯಲ್ಲಿ ನಿಜವಾದ ತಿಗಣೆಯೂ ಅದರ ಕಣಜವೂ ಸಿಕ್ಕವು. ಸ್ವಾರಸ್ಯವೆಂದರೆ ಆ ಕಣಜವನ್ನು ಅರ್ಜೆಂಟೀನದ ದೆ ಸಾಂತಿಸ್ 1964ರಲ್ಲೇ ವಿವರಿಸಿಟ್ಟಿದ್ದರು. ಅದು ಇಷ್ಟೊಂದು ಜನರ ಊಟ ಉಳಿಸೀತೆಂದು ಆಗ ಯಾರು ಎಣಿಸಿದ್ದರು? ಈ ಕೆಲಸದ ಮುಂದಾಳು ಹಾನ್ಸ್ ಹೆರೆನ್ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಅದೇ ತಿಗಣೆ 2020ರಲ್ಲಿ ಕೇರಳದ ತೃಶೂರಿನಲ್ಲಿ ಪತ್ತೆಯಾಯಿತು. ಈ ಸಲ ಹುಡುಕಾಟಕ್ಕೆ ಸಮಯ ಕಳೆಯಬೇಕಾಗಲಿಲ್ಲ. ಆಫ್ರಿಕದ ಬೆನಿನ್‌ನಿಂದ ಅದೇ ಕಣಜವನ್ನು ತರಿಸಿ 2022ರಲ್ಲಿ ಸೇಲಂ ಕಡೆ ಬಿಡಲಾಯಿತು.

ನಮ್ಮಲ್ಲೂ ಈ ವಿದ್ಯೆ ಬಲ್ಲವರಿದ್ದಾರೆ. ವಯನಾಡಿಗೆ ದೂರವಲ್ಲದ ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿದ್ದ ದಿವಂಗತ ಟಿ. ಸಿ. ನರೇಂದ್ರನ್, ಅಲಿಗಢದ ಮೊಹಮ್ಮದ್ ಹಯಾತ್ ಇಬ್ಬರೂ ಇಂಥ ಕಣಜಗಳ ಬಗ್ಗೆ ದಪ್ಪ ಗ್ರಂಥಗಳನ್ನೇ ಬರೆದವರು. ಹುಳ ನೋಡುವುದೂ ಒಂದು ಉದ್ಯೋಗವೇ ಎಂದು ಕೇಳುವ ತಂದೆತಾಯಂದಿರು ಇದನ್ನು ಮಕ್ಕಳಿಗೆ ಓದಿಸಬಹುದು.

ಇನ್ನು ನಿಮ್ಮ ಪಪ್ಪಾಯಿಯಲ್ಲಿ ಬಿಳಿ ಹಿಟ್ಟು ಕಂಡರೆ ಔಷಧಿಯ ಡಬ್ಬಿ ತೆರೆಯುವ ಮೊದಲು ಒಂದು ಎಲೆಯನ್ನು ತಿರುವಿ ನೋಡಿ. ಬಿಳಿ ತಿಗಣೆಗಳ ನಡುವೆ ಒಣಗಿದ ಕಂದು ಚಿಪ್ಪುಗಳೂ ಅವುಗಳಲ್ಲಿ ಸೂಜಿಮೊನೆಯಷ್ಟು ತೂತೂ ಕಂಡರೆ ಕಣಜ ಆಗಲೇ ಬಂದಿದೆ. ಔಷಧಿ ಹೊಡೆದರೆ ಮೊದಲು ಸಾಯುವುದು ಅದೇ.